ಕಾರ್ನ್‌ವಾಲಿನ ಗಣಿಗಾರರು: ಒಂದು ಪುಟ್ಟ ನಾಡು ಲೋಕದ ತುಂಬ ಹರಡಿದ ಕಥೆ

(ಕೋಲಾರದ ಓದುಗರ ಬಳಗವೊಂದರಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಒಂದೆರಡು ವಿಷಯ ಸೇರಿಸಿದ್ದೇನೆ. ಮಾತಿನ ಧಾಟಿ ಹಾಗೇ ಇರಲಿ ಅಂತ ಜಾಸ್ತಿ ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ.

ಬ್ರಿಟಿಷರು ಅಂದ ಕೂಡಲೇ ನಮಗೆ ಯಾರು ನೆನಪಾಗುತ್ತಾರೆ? ಕುದುರೆ ಏರಿದ ದೊರೆ, ಕಲೆಕ್ಟರು, ರೆಸಿಡೆಂಟು, ಕೋವಿ ಹಿಡಿದ ಸಿಪಾಯಿ. ಇವರೆಲ್ಲ ಇದ್ದದ್ದು ನಿಜ. ಆದರೆ ಆ ದ್ವೀಪ ಬಿಟ್ಟು ಹೊರಟವರನ್ನೆಲ್ಲ ಲೆಕ್ಕ ಹಾಕಿದರೆ ದೊರೆಗಳು ಬಹಳ ಕಡಿಮೆ. ಹೊಟ್ಟೆಪಾಡಿಗೆ ಹೊರಟವರೇ ಜಾಸ್ತಿ. 1607ರಲ್ಲಿ ಅಮೆರಿಕದ ಜೇಮ್ಸ್‌ಟೌನ್‌ನಲ್ಲಿ ಇಳಿದವರಲ್ಲಿ ಎಷ್ಟೋ ಜನ ಹಸಿವಿನಿಂದಲೇ ಸತ್ತರು. 1788ರಿಂದ 1868ರವರೆಗೆ ಆಸ್ಟ್ರೇಲಿಯಾಕ್ಕೆ ಸುಮಾರು 1,60,000 ಕೈದಿಗಳನ್ನು ಹಡಗಿನಲ್ಲಿ ತುಂಬಿ ಕಳಿಸಿದರು. ಸ್ಕಾಟ್ಲೆಂಡಿನ ಬೆಟ್ಟದ ಸೀಮೆಯಲ್ಲಿ ಜಮೀನ್ದಾರರು ಕುರಿ ಸಾಕಲು ಒಕ್ಕಲುಗಳನ್ನು ಎಬ್ಬಿಸಿದರು. ಎದ್ದವರಲ್ಲಿ ಅನೇಕರು ಕೆನಡಾಕ್ಕೆ ಹೋದರು. ಇವತ್ತು ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಇರುವ ಬ್ರಿಟಿಷ್ ಮೂಲದವರು ಬ್ರಿಟನ್ನಿನಲ್ಲಿ ಇರುವವರಿಗಿಂತ ಹೆಚ್ಚು.

ಅಷ್ಟು ದೊಡ್ಡ ಕಥೆಯನ್ನು ಒಂದು ಸಂಜೆಯಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೇ ಒಂದು ಚಿಕ್ಕ ಸೀಮೆಯ ಜನರನ್ನು ಮಾತ್ರ ಹಿಡಿದುಕೊಂಡಿದ್ದೇನೆ. ಅವರು ನಮ್ಮ ಜಿಲ್ಲೆಗೂ ಬಂದಿದ್ದರು. ಕೆಜಿಎಫ್‌ನ ಹಳೆಯ ಸಮಾಧಿಗಳ ನಡುವೆ ಓಡಾಡುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಲ್ಲಿನ ಮೇಲಿನ ಹೆಸರುಗಳು. ಟ್ರೆ ಅಂತ ಶುರುವಾಗುವ ಹೆಸರು, ಪೆನ್ ಅಂತ ಶುರುವಾಗುವ ಹೆಸರು. ಇಂಗ್ಲೆಂಡಿನಲ್ಲಿ ಒಂದು ಹಳೆಯ ಗಾದೆ ಇದೆ. ಹೆಸರಿನ ಮುಂದೆ ಟ್ರೆ, ಪೋಲ್, ಪೆನ್ ಇದ್ದರೆ ಅವನು ಕಾರ್ನ್‌ವಾಲಿನವನು ಅಂತ ತಿಳಿ, ಅಂತ. ಟ್ರೆ ಅಂದರೆ ಹಟ್ಟಿ, ಮನೆ. ಪೋಲ್ ಅಂದರೆ ಕೊಳ. ಪೆನ್ ಅಂದರೆ ತಲೆ, ಬೆಟ್ಟದ ತುದಿ. ನಮ್ಮಲ್ಲಿ ಹೆಸರಿನ ಹಿಂದೆ ಊರು ಇರುತ್ತದಲ್ಲ, ಹಾಗೆಯೇ ಅವರು ಊರನ್ನು ಹೆಸರಿನಲ್ಲೇ ಕಟ್ಟಿಕೊಂಡು ಹೊರಟಿದ್ದರು.

ಕಾರ್ನ್‌ವಾಲ್ ಇರುವುದು ಬ್ರಿಟನ್ನಿನ ನೈಋತ್ಯ ತುದಿಯಲ್ಲಿ. ಮೂರು ಕಡೆ ಕಡಲು. ಈಗಿನ ಕೋಲಾರ ಜಿಲ್ಲೆಗಿಂತ ಸ್ವಲ್ಪ ಚಿಕ್ಕದು. ಅವರದೇ ಆದ ಒಂದು ನುಡಿ ಇತ್ತು, ಇಂಗ್ಲಿಷಿಗೆ ಹತ್ತಿರದ್ದಲ್ಲ, ವೇಲ್ಸ್ ನುಡಿಯ ನಂಟಿನದು. 1777ರಲ್ಲಿ ತೀರಿಕೊಂಡ ಡಾಲಿ ಪೆಂಟ್ರೀತ್ ಎಂಬ ಮೀನು ಮಾರುವ ಹೆಂಗಸು ಆ ನುಡಿಯನ್ನು ತಾಯಿನುಡಿಯಾಗಿ ಆಡಿದ ಕೊನೆಯವಳು ಅಂತ ರೂಢಿಯಲ್ಲಿ ಹೇಳುತ್ತಾರೆ. ನೆಲದ ಮೇಲೆ ಹೇಳಿಕೊಳ್ಳುವಂಥ ಬೆಳೆ ಇಲ್ಲ. ನೆಲದ ಕೆಳಗೆ ತವರ ಇತ್ತು, ತಾಮ್ರ ಇತ್ತು. ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಲೋಕದಲ್ಲೇ ಅತಿ ಹೆಚ್ಚು ತಾಮ್ರ ತೆಗೆಯುತ್ತಿದ್ದ ಜಾಗ ಅದು.

ಅಲ್ಲಿನ ಗಣಿ ಕೆಲಸ ಹೇಗಿತ್ತು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಮುಂದಿನದೆಲ್ಲ ಅರ್ಥವಾಗುವುದು ಅದರಿಂದಲೇ. ನೆಲದಡಿಯ ಗಣಿಗಾರರಲ್ಲಿ ಎಲ್ಲರೂ ದಿನಗೂಲಿಯವರಲ್ಲ. ನಿಗದಿಯಾದ ದಿನ ಗಣಿಯ ಮುಂದೆ ಎಲ್ಲ ಸೇರುತ್ತಿದ್ದರು. ಗಣಿಯ ಮೇಲ್ವಿಚಾರಕ, ಅವನನ್ನು ಅವರು ಕ್ಯಾಪ್ಟನ್ ಅನ್ನುತ್ತಿದ್ದರು, ಒಂದೊಂದು ಜಾಗವನ್ನೂ ಹರಾಜಿಗೆ ಇಡುತ್ತಿದ್ದ. ನಾಲ್ಕಾರು ಜನರ ಗುಂಪು ಆ ಜಾಗ ಹಿಡಿಯುತ್ತಿತ್ತು. ತೆಗೆದ ಅದಿರಿನ ಬೆಲೆಯಲ್ಲಿ ಅವರಿಗೆ ಪಾಲು. ಒಂದು ರೀತಿಯಲ್ಲಿ ನಮ್ಮ ವಾರದ, ಅಂದರೆ ಪಾಲಿನ, ಬೇಸಾಯ ಇದ್ದಂತೆ. ಬಂಡೆ ನೋಡಿದರೆ ಸಾಕು, ಒಳಗೆ ಏನಿದೆ, ಗೆರೆ ಎತ್ತ ತಿರುಗುತ್ತದೆ ಅಂತ ಅಳೆಯುವ ಕಣ್ಣು ಬೇಕಿತ್ತು. ತಪ್ಪಿದರೆ ಮನೆಯಲ್ಲಿ ಉಪವಾಸ. ಮೇಲೆ ಹೆಂಗಸರು, ಹುಡುಗಿಯರು ಸುತ್ತಿಗೆ ಹಿಡಿದು ಅದಿರು ಒಡೆಯುತ್ತಿದ್ದರು. ಅವರನ್ನು ಬಾಲ್ ಮೇಡನ್ ಅನ್ನುತ್ತಿದ್ದರು. ಬಾಲ್ ಅಂದರೆ ಅವರ ನುಡಿಯಲ್ಲಿ ಗಣಿ.

ಗಣಿಗೆ ದೊಡ್ಡ ಶತ್ರು ನೀರು. ಆಳಕ್ಕೆ ಹೋದಷ್ಟೂ ಒರತೆ. ಅದನ್ನು ಎತ್ತಿ ಹಾಕಲು ಉಗಿ ಯಂತ್ರ ಬೇಕು. ಹೀಗಾಗಿ ಆ ಬಡ ಸೀಮೆಯಲ್ಲೇ ಉಗಿ ಯಂತ್ರದ ಪರಿಣತರು ಹುಟ್ಟಿಕೊಂಡರು. ರಿಚರ್ಡ್ ಟ್ರೆವಿಥಿಕ್ ಅಂಥವನು, 1771ರಲ್ಲಿ ಹುಟ್ಟಿದವನು, ಗಣಿ ಕ್ಯಾಪ್ಟನ್ನನ ಮಗ. 1804ರಲ್ಲಿ ಹಳಿಯ ಮೇಲೆ ಉಗಿಬಂಡಿ ಓಡಿಸಿದ ಮೊದಲಿಗ ಅವನೇ. ರೈಲು ಅಂದರೆ ಸ್ಟೀಫನ್‌ಸನ್ ಅಂತ ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಟ್ರೆವಿಥಿಕ್ ಹೆಸರು ನಮ್ಮ ಪುಸ್ತಕದಲ್ಲಿ ಇರಲಿಲ್ಲ. ಅದು ನನಗೆ ಈಗಲೂ ಬೇಸರದ ವಿಷಯ.

ಹೊರನಾಡಿನ ಗಣಿಗಳತ್ತ ಮೊದಮೊದಲು ಹೊರಟವರಲ್ಲಿ ಅವನೂ ಒಬ್ಬ. ಪೆರುವಿನ ಬೆಟ್ಟಗಳಲ್ಲಿ ಬೆಳ್ಳಿ ಗಣಿಗಳಿಗೆ ನೀರು ನುಗ್ಗಿತ್ತು. ಅವನ ಯಂತ್ರಗಳು ಅಲ್ಲಿಗೆ ಹೋದವು. ಹಿಂದೆಯೇ 1816ರಲ್ಲಿ ಅವನೂ ಹೋದ. ಅಲ್ಲಿ ಸ್ವಾತಂತ್ರ್ಯದ ಯುದ್ಧ ಶುರುವಾಯಿತು, ದುಡಿದದ್ದೆಲ್ಲ ಹೋಯಿತು. ಹತ್ತು ವರ್ಷ ಅಲೆದು, ಕೊಲಂಬಿಯಾದ ಕಾರ್ತಹೇನಾ ಬಂದರಿಗೆ ಬರಿಗೈಲಿ ಬಂದು ನಿಂತ. ಅಲ್ಲಿ ಸಿಕ್ಕವನು ಯಾರು ಗೊತ್ತಾ? ಅದೇ ಸ್ಟೀಫನ್‌ಸನ್ನನ ಮಗ ರಾಬರ್ಟ್. ಅವನು ಕೊಟ್ಟ 50 ಪೌಂಡ್ ಹಿಡಿದು ಟ್ರೆವಿಥಿಕ್ 1827ರಲ್ಲಿ ಮನೆ ಸೇರಿದ.

ಅವನ ಕಷ್ಟ ನೋಡಿ ಉಳಿದವರು ಹೆದರಿ ಕೂರಲಿಲ್ಲ. ಕೂರುವಂತೆಯೂ ಇರಲಿಲ್ಲ. 1840ರ ದಶಕದಲ್ಲಿ ಆಲೂಗಡ್ಡೆಗೆ ರೋಗ ಬಿತ್ತು. ಐರ್ಲೆಂಡಿನ ಬರಗಾಲ ಎಲ್ಲರಿಗೂ ಗೊತ್ತು, ಕಾರ್ನ್‌ವಾಲಿನಲ್ಲೂ ಜನ ಹಸಿದಿದ್ದರು. 1866ರಲ್ಲಿ ಲಂಡನ್ನಿನ ಒಂದು ದೊಡ್ಡ ಸಾಲದ ಮನೆ ಮುಳುಗಿತು, ತಾಮ್ರದ ಬೆಲೆಯೂ ಬಿತ್ತು, ಗಣಿಗಳು ಸಾಲಾಗಿ ಮುಚ್ಚಿದವು. 1870ರ ದಶಕದಲ್ಲಿ ತವರಕ್ಕೂ ಅದೇ ಗತಿ. 1861ರಲ್ಲಿ ಕಾರ್ನ್‌ವಾಲಿನ ಜನಸಂಖ್ಯೆ 3,69,000. ನಲವತ್ತು ವರ್ಷ ಕಳೆದು 1901ರಲ್ಲಿ ಅದು 3,22,000. ಇಂಗ್ಲೆಂಡಿನಲ್ಲಿ ಒಟ್ಟಾರೆ ಜನ ಹೆಚ್ಚುತ್ತಲೇ ಇದ್ದ ಕಾಲ ಅದು. ಆ ನಲವತ್ತು ವರ್ಷಗಳಲ್ಲಿ ಪ್ರತಿ ದಶಕವೂ ಅಲ್ಲಿನ ಗಂಡಸರಲ್ಲಿ ಐದಕ್ಕೆ ಒಬ್ಬರಂತೆ ಹೊರದೇಶಕ್ಕೆ ಹೋದರು. ಒಂದು ಬೀದಿಯ ಹತ್ತು ಮನೆ ನೆನಪು ಮಾಡಿಕೊಳ್ಳಿ. ಅದರಲ್ಲಿ ಎಷ್ಟು ಮನೆಯಲ್ಲಿ ಗಂಡಸಿನ ದನಿ ಇಲ್ಲ ಅಂತ ಲೆಕ್ಕ ಹಾಕಿ.

ಎಲ್ಲಿಗೆ ಹೋದರು? ಎಲ್ಲಿ ನೆಲ ಅಗೆಯುತ್ತಾರೋ ಅಲ್ಲಿಗೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸೀಸ, ಮಿಶಿಗನ್‌ನಲ್ಲಿ ತಾಮ್ರ, ಕ್ಯಾಲಿಫೋರ್ನಿಯಾದ ಗ್ರಾಸ್ ವ್ಯಾಲಿಯಲ್ಲಿ ಚಿನ್ನ, ದಕ್ಷಿಣ ಆಸ್ಟ್ರೇಲಿಯಾದಲ್ಲಿ ತಾಮ್ರ, ದಕ್ಷಿಣ ಆಫ್ರಿಕಾದಲ್ಲಿ ಚಿನ್ನ. ಹೋದ ಕಡೆಯೆಲ್ಲ ಅವರಿಗೆ ಒಂದೇ ಹೆಸರು, ಕಸಿನ್ ಜ್ಯಾಕ್. ಯಾವ ಗಣಿಯಲ್ಲಿ ಕೆಲಸ ಖಾಲಿ ಇದ್ದರೂ 'ಊರಲ್ಲಿ ನಮ್ಮ ಕಸಿನ್ ಜ್ಯಾಕ್ ಇದ್ದಾನೆ, ಕರೆಸುತ್ತೇನೆ' ಅನ್ನುತ್ತಿದ್ದರಂತೆ. ಒಬ್ಬ ಹೋಗಿ ನೆಲೆ ನಿಂತರೆ ತಮ್ಮನನ್ನು, ಭಾವಮೈದುನನನ್ನು, ಪಕ್ಕದ ಮನೆಯ ಹುಡುಗನನ್ನು ಎಳೆದುಕೊಳ್ಳುವುದು. ಬೆಂಗಳೂರಿಗೆ, ಮುಂಬೈಗೆ ನಮ್ಮ ಹಳ್ಳಿಯವರು ಹೋದದ್ದೂ ಹೀಗೆಯೇ ಅಲ್ವಾ? ಮುಂಬೈಯ ಉಡುಪಿ ಹೋಟೆಲುಗಳ ಕಥೆ ಯಾರನ್ನಾದರೂ ಕೇಳಿ.

ಈಗ ಮೆಕ್ಸಿಕೊಕ್ಕೆ ಹೋಗೋಣ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನನಗೆ ತುಂಬ ಹತ್ತಿರವಾದ ಭಾಗ ಇದು.

ಮೆಕ್ಸಿಕೊದ ಇದಾಲ್ಗೊ ಪ್ರಾಂತ್ಯದಲ್ಲಿ ರಿಯಾಲ್ ದೆಲ್ ಮೊಂತೆ ಅಂತ ಒಂದು ಊರು. 2,600 ಮೀಟರಿಗೂ ಮೇಲೆ, ಬೆಟ್ಟದ ನೆತ್ತಿಯಲ್ಲಿ. ಸ್ಪೇನಿನವರ ಕಾಲದ ಬೆಳ್ಳಿ ಗಣಿಗಳು ನೀರು ತುಂಬಿ ನಿಂತಿದ್ದವು. 1824ರಲ್ಲಿ ಜಾನ್ ಟೇಲರ್ ಎಂಬ ಲಂಡನ್ನಿನ ಗಣಿ ಎಂಜಿನಿಯರ್ ಅದಕ್ಕಾಗಿ ಒಂದು ಕಂಪನಿ ಕಟ್ಟಿದ. ಈ ಹೆಸರು ನೆನಪಿಟ್ಟುಕೊಳ್ಳಿ. 1825ರಲ್ಲಿ ಕಾರ್ನ್‌ವಾಲಿನ ಗಣಿಗಾರರು 1,500 ಟನ್ ಯಂತ್ರಗಳ ಜೊತೆ ವೆರಾಕ್ರೂಸ್ ಕರಾವಳಿಯಲ್ಲಿ ಇಳಿದರು. ಮಳೆಗಾಲ. ಹಳದಿ ಜ್ವರ. ಕಡಲ ದಂಡೆಯಲ್ಲೇ ಎಷ್ಟೋ ಜನ ಸತ್ತರು, ಅವರ ಜೊತೆ ಹೊರೆ ಎಳೆಯಲು ಬಂದ ಮೆಕ್ಸಿಕೊದವರೂ ಸತ್ತರು. ಉಳಿದವರು ಬಾಯ್ಲರು, ಪಂಪುಗಳನ್ನು ಹೇಸರಗತ್ತೆಗಳಿಗೆ ಕಟ್ಟಿ, ಕೈಯಲ್ಲಿ ಎಳೆದು, ದಾರಿ ಇಲ್ಲದ ಕಡೆ ದಾರಿ ಕಡಿದು, ಮರು ವರ್ಷ ಬೆಟ್ಟ ಹತ್ತಿಸಿದರು. ಅಷ್ಟು ಮಾಡಿದ ಕಂಪನಿ ಲಾಭ ಕಾಣಲಿಲ್ಲ. 1849ರಲ್ಲಿ ಮಾರಿ ಹೋಯಿತು. ಗಣಿಗಾರರಲ್ಲಿ ಬಹಳ ಜನ ಮಾತ್ರ ಹಿಂದಕ್ಕೆ ಹೋಗಲಿಲ್ಲ.

ಇವತ್ತು ಆ ಊರಿಗೆ ಹೋದರೆ ಬೀದಿ ಬೀದಿಯಲ್ಲಿ 'ಪಾಸ್ತೆ' ಮಾರುತ್ತಾರೆ. ಪಾಸ್ತೆ ಅಂದರೆ ಕಾರ್ನ್‌ವಾಲಿನ ಪ್ಯಾಸ್ಟಿ. ನಮ್ಮ ಕರಿಗಡುಬಿನ ಆಕಾರ, ಅದಕ್ಕಿಂತ ದೊಡ್ಡದು, ಕರಿಯುವುದಿಲ್ಲ, ಒಲೆಯಲ್ಲಿ ಬೇಯಿಸುತ್ತಾರೆ. ಒಳಗೆ ದನದ ಮಾಂಸ, ಆಲೂಗಡ್ಡೆ, ಈರುಳ್ಳಿ, ಟರ್ನಿಪ್ ಜಾತಿಯ ಗೆಡ್ಡೆ. ಗಣಿಗಾರನ ಬುತ್ತಿ ಅದು. ಅಂಚನ್ನು ದಪ್ಪಗೆ ಮಡಚಿರುತ್ತಾರೆ. ಕೊಳೆ ಕೈಯಲ್ಲಿ ಆ ಅಂಚನ್ನು ಹಿಡಿದು ತಿಂದು, ಕೊನೆಯ ತುಣುಕನ್ನು ಗಣಿಯ ಗುಜ್ಜ ದೆವ್ವಗಳಿಗೆ ಅಂತ ಬಿಡುತ್ತಿದ್ದರು ಅನ್ನುವ ಕಥೆ ಇದೆ. ಆ ದೆವ್ವಗಳು ಬಂಡೆಯೊಳಗಿಂದ ಟಕ್ ಟಕ್ ಅಂತ ಬಡಿದು ಅಪಾಯ ತಿಳಿಸುತ್ತವೆ ಅಂತ ನಂಬಿಕೆ. ಮೆಕ್ಸಿಕೊದಲ್ಲಿ ಪ್ಯಾಸ್ಟಿಗೆ ಮೆಣಸಿನಕಾಯಿ ಸೇರಿತು. ಅನಾನಸ್ ಹಾಕಿದ ಸಿಹಿ ಪಾಸ್ತೆಯೂ ಬಂತು. ಈಗ ಅಲ್ಲಿ ಪಾಸ್ತೆಗೆ ಒಂದು ಮ್ಯೂಸಿಯಮ್ ಇದೆ, ಹಬ್ಬವೂ ಆಗುತ್ತದೆ. ಕಾರ್ನ್‌ವಾಲಿನ ರೆಡ್‌ರೂತ್ ಊರಿಗೂ ರಿಯಾಲ್ ದೆಲ್ ಮೊಂತೆಗೂ ಅವಳಿ ಊರಿನ ನಂಟು ಬೆಳೆದಿದೆ. ಹತ್ತಿರದ ಪಚೂಕಾದಲ್ಲಿ ಗಣಿಗಾರರು ಶುರು ಮಾಡಿದ ಫುಟ್‌ಬಾಲ್ ತಂಡ ಈಗಲೂ ಆಡುತ್ತಿದೆ.

ಸರಿ, ಆ ಹೆಸರಿಗೆ ಬರೋಣ. ಜಾನ್ ಟೇಲರ್. ಅವನು ಕಟ್ಟಿದ ಸಂಸ್ಥೆಯನ್ನು ಮುಂದೆ ಅವನ ಮಕ್ಕಳು, ಮೊಮ್ಮಕ್ಕಳು ನಡೆಸಿದರು. ಜಾನ್ ಟೇಲರ್ ಅಂಡ್ ಸನ್ಸ್. ಕೆಜಿಎಫ್‌ನವರಿಗೆ ಈ ಹೆಸರು ಹೊಸದಲ್ಲ. 1880ರಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಶುರುವಾದಾಗ ಇಲ್ಲಿನ ಗಣಿ ನೋಡಿಕೊಳ್ಳಲು ಬಂದದ್ದು ಅದೇ ಸಂಸ್ಥೆ. ಅದಕ್ಕೂ ಮೊದಲು ಮೈಕಲ್ ಲ್ಯಾವೆಲ್ಲೆ, ನ್ಯೂಜಿಲೆಂಡಿನ ಯುದ್ಧದಿಂದ ಬಂದ ಐರಿಷ್ ಸಿಪಾಯಿ, ಮೈಸೂರು ಸರ್ಕಾರದಿಂದ 1875ರಲ್ಲಿ ಪರವಾನಗಿ ಪಡೆದಿದ್ದ. ಬೆಂಗಳೂರಿನ ಲ್ಯಾವೆಲ್ಲೆ ರಸ್ತೆ ಅವನ ಹೆಸರಿನದೇ. ಮೊದಲ ವರ್ಷಗಳಲ್ಲಿ ಏನೂ ಸಿಗಲಿಲ್ಲ, ಹಣ ಹಾಕಿದವರು ಬೇಸತ್ತರು. ಕೊನೆಗೆ ಕ್ಯಾಪ್ಟನ್ ಪ್ಲಮರ್ ಹಳೆಯ ಕಾಲದವರು ಬಿಟ್ಟು ಹೋದ ಗುಂಡಿಗಳ ಕೆಳಗೆ ಇನ್ನೂ ಆಳಕ್ಕೆ ಇಳಿಸಿದ. ಚಾಂಪಿಯನ್ ರೀಫ್ ಎಂಬ ಚಿನ್ನದ ಗೆರೆ ಸಿಕ್ಕಿತು. ಅವನ ಹೆಸರಿನ ಮುಂದಿನ ಕ್ಯಾಪ್ಟನ್ ಸೈನ್ಯದ್ದು ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಅದು ಗಣಿಯ ಕ್ಯಾಪ್ಟನ್. ಅದೇ ಹರಾಜು ಕೂಗುತ್ತಿದ್ದ ಕ್ಯಾಪ್ಟನ್.

ಅಂದರೆ ಮೆಕ್ಸಿಕೊಕ್ಕೂ ಕೋಲಾರಕ್ಕೂ ಬಂದದ್ದು ಒಂದೇ ಸೀಮೆಯ ಜನ, ಒಂದೇ ಸಂಸ್ಥೆಯ ಮೂಲಕ, ಒಂದೇ ಕಸುಬಿಗೆ. ಅಲ್ಲಿ ಅವರ ಬುತ್ತಿ ಊರ ತಿಂಡಿಯಾಯಿತು. ಇಲ್ಲಿ? ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಸುತ್ತಿ ನೋಡಿ. ಇಡ್ಲಿ, ಪರೋಟ, ಬಿರಿಯಾನಿ ಸಿಗುತ್ತದೆ. ಪ್ಯಾಸ್ಟಿ ಮಾರುವ ಗಾಡಿ ಒಂದೂ ನನಗೆ ಸಿಗಲಿಲ್ಲ. ಏಕೆ?

ನನಗೆ ತೋಚುವ ಉತ್ತರ ಹೇಳುತ್ತೇನೆ. ಮೆಕ್ಸಿಕೊದಲ್ಲಿ ಕಾರ್ನ್‌ವಾಲಿನವನು ಹೊರಗಿನಿಂದ ಬಂದ ಕೆಲಸಗಾರ. ಅವನಿಗೆ ಅಲ್ಲಿನವರಿಗಿಂತ ಹೆಚ್ಚು ಸಂಬಳ ಇತ್ತು, ಜಗಳಗಳೂ ಆದವು. ಆದರೆ ಆ ನೆಲ ಅವನ ರಾಣಿಯದ್ದಲ್ಲ. ಕಂಪನಿ ಹೋದ ಮೇಲೆ ಉಳಿದವರು ಅಲ್ಲಿಯವರ ಜೊತೆಗೇ ಬದುಕಬೇಕಿತ್ತು. ಮದುವೆಗಳಾದವು, ಮಕ್ಕಳು ಸ್ಪ್ಯಾನಿಷ್ ಮಾತಾಡಿದರು, ಅಡುಗೆ ಮನೆಗಳು ಬೆರೆತವು. ಕೋಲಾರದಲ್ಲಿ ಅದೇ ಮನುಷ್ಯ ಹಡಗಿನಿಂದ ಇಳಿದ ಕೂಡಲೇ ದೊರೆಯಾದ. ಊರಿನಲ್ಲಿ ಅವನೂ ಬಾಡಿಗೆ ಗುಡಿಸಿಲಿನವನು, ಇಲ್ಲಿ ಬಂಗಲೆ, ತೋಟ, ಆಳುಕಾಳು, ಕ್ಲಬ್ಬು. ಹವೆ ತಂಪು ಅಂತ ಕೆಜಿಎಫ್‌ಗೆ ಲಿಟಲ್ ಇಂಗ್ಲೆಂಡ್ ಅಂತ ಹೆಸರು ಬೇರೆ. ಗಣಿಯೊಳಗೆ ಬಂಡೆ ಕೊರೆದವರು ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ಜನ. ಬಹುಪಾಲು ದಲಿತರು. ಅವರಿಗೆ ಬಿದಿರು ತಟ್ಟಿಯ ಒಂಟಿ ಕೋಣೆ. ನಡುವೆ ಆಂಗ್ಲೋ ಇಂಡಿಯನ್ನರು. ಗುತ್ತಿಗೆ ಮುಗಿದರೆ ಬಿಳಿಯ ಗಣಿಗಾರ ಊರಿಗೋ, ಬೇರೆ ದೇಶದ ಗಣಿಗೋ ಹೊರಟುಬಿಡುತ್ತಿದ್ದ. ನಮ್ಮವರ ಒಲೆಯ ಹತ್ತಿರಕ್ಕೆ ಅವನು ಬರಲೇ ಇಲ್ಲ. ಬಂದಿದ್ದರೆ ಇವತ್ತು ಮಾರಿಕುಪ್ಪಂ ಸ್ಟೇಷನ್ನಿನ ಮುಂದೆ ಕಾರದ ಪ್ಯಾಸ್ಟಿ ಇರುತ್ತಿತ್ತು ಅಂತ ನಾನು ನಂಬುತ್ತೇನೆ.

ನಮ್ಮ ಸೋದರಮಾವ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಆ ಗಣಿಯ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿಗೂ ಮೇಲೆ. ರಾಕ್ ಬರ್ಸ್ಟ್ ಆದಾಗ, ಅಂದರೆ ಒತ್ತಡಕ್ಕೆ ಒಳಗಿನ ಬಂಡೆ ಸಿಡಿದಾಗ, ಮನೆಯ ಪಾತ್ರೆಗಳು ಅಲುಗುತ್ತಿದ್ದವು. ಹೆಂಗಸರು ಬಾಗಿಲಿಗೆ ಬಂದು ನಿಂತು ಯಾವ ಶಾಫ್ಟು ಅಂತ ಕೇಳುತ್ತಿದ್ದರು ಅಂತ ಅವರು ಹೇಳುತ್ತಿದ್ದರು. ಕಾರ್ನ್‌ವಾಲಿನ ಲೆವಾಂಟ್ ಗಣಿಯಲ್ಲಿ 1919ರಲ್ಲಿ ಜನರನ್ನು ಏರಿಸಿ ಇಳಿಸುವ ಯಂತ್ರ ಮುರಿದು 31 ಜನ ಸತ್ತರು. ಅದನ್ನು ಓದುವಾಗ ನನಗೆ ಮಾವನ ಮಾತೇ ಕೇಳಿಸಿತು. ಅದಕ್ಕೇ ಈ ಜನರ ಮೇಲೆ ನನಗೆ ಬರೀ ಸಿಟ್ಟು ಬರುವುದಿಲ್ಲ, ಬರೀ ಮರುಕವೂ ಬರುವುದಿಲ್ಲ.

ಆಸ್ಟ್ರೇಲಿಯಾದ ಕಥೆ ಇನ್ನೊಂದು ತರಹ. ದಕ್ಷಿಣ ಆಸ್ಟ್ರೇಲಿಯಾದ ಬರ್ರಾದಲ್ಲಿ 1845ರಲ್ಲಿ ತಾಮ್ರ ಸಿಕ್ಕಿತು. ಬಂದವರಿಗೆ ಮನೆ ಇರಲಿಲ್ಲ. ಹಳ್ಳದ ದಂಡೆಯ ಮಣ್ಣು ಕೊರೆದು ಗುಹೆ ಮಾಡಿಕೊಂಡರು. 1851ರಲ್ಲಿ ಹಾಗೆ ಸುಮಾರು 1,800 ಜನ ಹಳ್ಳದಲ್ಲೇ ಸಂಸಾರ ಮಾಡುತ್ತಿದ್ದರು, ನೆರೆ ಬಂದರೆ ಎಲ್ಲ ಕೊಚ್ಚಿ ಹೋಗುತ್ತಿತ್ತು. 1861ರಲ್ಲಿ ಮೂಂಟಾದಲ್ಲಿ ಇನ್ನೂ ದೊಡ್ಡ ಗಣಿ. ಅಲ್ಲಿ ಅವರು ಊರು ಕಟ್ಟಿದರು, ಮೆಥಡಿಸ್ಟ್ ಪ್ರಾರ್ಥನಾ ಮಂದಿರ ಕಟ್ಟಿದರು, ಹಾಡಿದರು. ಗಣಿಯಲ್ಲಿ ದುಡಿದ ಜಾನ್ ವೆರ್ರಾನ್ 1910ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಪ್ರೀಮಿಯರ್ ಆದ, ಅಂದರೆ ನಮ್ಮ ಮುಖ್ಯಮಂತ್ರಿ ಇದ್ದಂತೆ. ಮೂರು ತಿಂಗಳ ಕೂಸಾಗಿದ್ದಾಗ ಹಡಗು ಹತ್ತಿದವನು, ಶಾಲೆ ಕಂಡದ್ದು ಅಷ್ಟಕ್ಕಷ್ಟೆ. ಈಗಲೂ ಅಲ್ಲಿ ಎರಡು ವರ್ಷಕ್ಕೊಮ್ಮೆ ಕಾರ್ನಿಷ್ ಹಬ್ಬ ಆಗುತ್ತದೆ.

ಆದರೆ ಆ ನೆಲ ಖಾಲಿ ಬಿದ್ದಿರಲಿಲ್ಲ. ಬರ್ರಾ ಸೀಮೆ ನ್ಗಾಜುರಿ ಜನರದು. ಮೂಂಟಾ ಇರುವ ಯಾರ್ಕ್ ಪರ್ಯಾಯದ್ವೀಪ ನರುಂಗ್ಗ ಜನರದು. ಮೂಂಟಾ ಅನ್ನುವ ಹೆಸರು ಕೂಡ ಅವರ ಮಾತಿನಿಂದ ಬಂದದ್ದು. ಊರಿನಲ್ಲಿ ಜಮೀನಿಲ್ಲದವನು ಇನ್ನೊಬ್ಬನ ಜಮೀನಿನ ಮೇಲೆ ಬಂದು ನೆಲೆ ನಿಂತ. ಹಡಗು ಹತ್ತಿದ ಬಡವನಿಗೆ ಅದು ಗೊತ್ತಿತ್ತೋ ಇಲ್ಲವೋ, ಎದ್ದು ಹೋಗಬೇಕಾದವರಿಗೆ ಅದರಿಂದ ವ್ಯತ್ಯಾಸ ಏನೂ ಆಗಲಿಲ್ಲ. ಬ್ರಿಟಿಷ್ ಮೂಲದವರು ಲೋಕದ ತುಂಬ ಹರಡಿದರು ಅಂತ ಹೆಮ್ಮೆಯಿಂದ ಹೇಳುವ ಕಡೆಯೆಲ್ಲ ಈ ಮಾತನ್ನೂ ಸೇರಿಸಿ ಹೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕೊನೆಗೆ ಮನೆಯಲ್ಲಿ ಉಳಿದವರ ಬಗ್ಗೆ. ಹೋದವರೆಲ್ಲ ಸಂಸಾರ ಕಟ್ಟಿಕೊಂಡು ಹೋಗಲಿಲ್ಲ. ದಕ್ಷಿಣ ಆಫ್ರಿಕಾಕ್ಕೆ ಹೋದವರಂತೂ ಒಂಟಿಯಾಗಿ ಹೋಗಿ ದುಡ್ಡು ಕಳಿಸುತ್ತಿದ್ದರು. ಆಫ್ರಿಕಾದ ಟಪಾಲು ಬಂದ ದಿನ ರೆಡ್‌ರೂತ್, ಕ್ಯಾಂಬೋರ್ನ್ ಅಂಗಡಿಗಳಲ್ಲಿ ವ್ಯಾಪಾರ, ತಡವಾದರೆ ಸಾಲ. 1899ರಲ್ಲಿ ಅಲ್ಲಿ ಬ್ರಿಟಿಷರಿಗೂ ಡಚ್ ಮೂಲದ ಬೋಯರರಿಗೂ ಯುದ್ಧ ಶುರುವಾದಾಗ ಗಣಿಗಾರರು ಗುಂಪು ಗುಂಪಾಗಿ ವಾಪಸ್ ಬಂದರು. ಎಷ್ಟೋ ಜನ ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡೇ ಬಂದರು, ನಲವತ್ತು ದಾಟುವ ಮೊದಲೇ ಸತ್ತರು. ಅದೇ ಹೊತ್ತಿಗೆ ಕಾರ್ನ್‌ವಾಲಿನ ಡೋಲ್ಕೋತ್ ಗಣಿಯಲ್ಲಿ ಕೆಲಸಗಾರರ ರಕ್ತ ಬತ್ತುತ್ತಿತ್ತು. 1902ರಲ್ಲಿ ಜೆ.ಎಸ್. ಹಾಲ್ಡೇನ್ ಎಂಬ ವಿಜ್ಞಾನಿ ಪರೀಕ್ಷೆ ಮಾಡಿದರೆ ಸಿಕ್ಕಿದ್ದು ಕೊಕ್ಕೆಹುಳ. ಬಿಸಿ ದೇಶಗಳ ಹುಳ, ಗಣಿಯ ಬಿಸಿಯಲ್ಲಿ ನೆಲೆ ನಿಂತಿತ್ತು. ಹೊರಗೆ ಹೋಗಿ ಬಂದವರ ಜೊತೆಗೇ ಅದೂ ಬಂದಿತ್ತು.

ಕಾರ್ನ್‌ವಾಲಿನ ಕೊನೆಯ ತವರದ ಗಣಿ ಸೌತ್ ಕ್ರಾಫ್ಟಿ 1998ರಲ್ಲಿ ಮುಚ್ಚಿತು. ನಮ್ಮದು 2001ರಲ್ಲಿ. ಅಲ್ಲಿನ ಹಳೆಯ ಎಂಜಿನ್ ಮನೆಗಳನ್ನು, ಗಣಿ ಬಯಲನ್ನು 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಚಿನ್ನ ತೆಗೆದು ಬಿಸಾಡಿದ ಪುಡಿಮಣ್ಣಿನ ನಮ್ಮ ಸೈನೈಡ್ ಗುಡ್ಡಗಳ ಧೂಳು ಗಾಳಿ ಬೀಸಿದಾಗ ಇವತ್ತಿಗೂ ಮನೆಯೊಳಗೆ ಬರುತ್ತದೆ.

ಮಾತು ಮುಗಿಸಿ ಕೂತ ಮೇಲೆ ಪ್ರಶ್ನೆ ಕೇಳಿದವರಲ್ಲಿ ಒಬ್ಬರು ಅಜ್ಜಿ ಇದ್ದರು. ಅವರ ಯಜಮಾನರು ನಂದಿದುರ್ಗ ಮೈನಿನಲ್ಲಿ ಇದ್ದವರು. ಇಬ್ಬರು ಮಕ್ಕಳೂ ಈಗ ಬೆಳಗಿನ ಜಾವದ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಾರೆ. "ಹೋದೋರು ದುಡ್ಡು ಕಳಿಸದೇ ಇದ್ದರೆ ಆ ಹೆಂಗಸರು ಏನು ಮಾಡ್ತಿದ್ರು ಸರ್?" ಅಂತ ಕೇಳಿದರು.

ಅಂಥವರು ಇದ್ದರು ಅಮ್ಮ, ಅಂದೆ. ಗಂಡ ಬದುಕಿದ್ದೂ ವಿಧವೆಯರು ಅಂತ ಅವರನ್ನು ಕರೆಯುತ್ತಿದ್ದರು. ಬಟ್ಟೆ ಒಗೆದರು, ಹೊಲಿಗೆ ಹಾಕಿದರು, ಗಣಿ ಇರುವವರೆಗೂ ಅದಿರು ಒಡೆದರು. ಅದೂ ಆಗದಿದ್ದರೆ ಬಡವರ ನಿಧಿಗೆ ಅರ್ಜಿ ಹಾಕಿಕೊಂಡು, ಗಂಡ ಎಲ್ಲಿದ್ದಾನೆ ಅಂತ ಅಧಿಕಾರಿಗಳ ಮುಂದೆ ಹೇಳಬೇಕಿತ್ತು.

"ಎಲ್ಲಿದಾನೆ ಅಂತ ಅವರಿಗೆ ಹೆಂಗೆ ಗೊತ್ತಿರುತ್ತೆ?" ಅಂದರು ಅಜ್ಜಿ.